ಕೈಯಲ್ಲಿರುವ ಗಾಳಿ ಮೀಟರಿಗೆ 500 ಗಜದಾಚೆಯ ಗಾಳಿ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮ ಭಾವ ನ್ಯೂಜಿಲೆಂಡಿನಲ್ಲಿದ್ದಾರೆ. ಅಲ್ಲಿ ಲೈಸೆನ್ಸ್, ಪರ್ಮಿಟ್ ಎಲ್ಲ ಪಡೆದು ಜಿಂಕೆ ಬೇಟೆಗೆ ಹೋಗ್ತಾರೆ. ಈ ಸಲ ಊರಿಗೆ ಬಂದಾಗ ಒಂದು ಗಾಳಿ ಮೀಟರ್ ತಂದಿದ್ರು. ಮಂಡ್ಯದ ಹತ್ತಿರ ನಮ್ಮ ಕಬ್ಬಿನ ಗದ್ದೆಯ ಬದುವಿನ ಮೇಲೆ ಹಿಡಿದು ನೋಡಿದ್ವಿ. ಗಂಟೆಗೆ 3 ಕಿ.ಮೀ. ತೋರಿಸ್ತು. ಆದರೆ ಆಚೆ ತೋಟದಲ್ಲಿ ತೆಂಗಿನ ಗರಿ ಜೋರಾಗಿ ತೂಗ್ತಿತ್ತು. ನಾವು ನಿಂತ ಕಡೆಯ ಗಾಳಿ ಮಾತ್ರ ಹೇಳೋದಾದ್ರೆ, ಅಷ್ಟು ದೂರದ ಗುರಿಗೆ ಇದರಿಂದ ಏನುಪಯೋಗ? ಇನ್ನೊಂದು, ಮೊಬೈಲಲ್ಲಿ ಗಾಳಿಯ ಒತ್ತಡ 1008 ಇದ್ರೆ ಮೀಟರಲ್ಲಿ 930 ಇತ್ತು. ಮೀಟರ್ ಕೆಟ್ಟಿದೆಯಾ?

ಉತ್ತರ: ಮೀಟರ್ ಕೆಟ್ಟಿಲ್ಲ. ನೀವು ನಿಂತ ಜಾಗ ಸರಿ ಇರಲಿಲ್ಲ, ಅಷ್ಟೇ.

ಆಳೆತ್ತರ ಬೆಳೆದ ಕಬ್ಬು ಅಂದರೆ ಗಾಳಿಗೆ ಗೋಡೆ ಇದ್ದ ಹಾಗೆ. ಹೋದ ವರ್ಷ ಆಷಾಢದಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಒಂದು ಗದ್ದೆಯಲ್ಲಿ ನಾನೂ ಇದನ್ನು ಅಳೆದು ನೋಡಿದ್ದೆ. ಕಬ್ಬಿನ ಮರೆಯಲ್ಲಿ ಮೀಟರಿನ ಪುಟ್ಟ ಫ್ಯಾನು ತಿರುಗಲೋ ಬೇಡವೋ ಅನ್ನುವಂತೆ ಅಲ್ಲಾಡಿ 2, 3 ಅಂತ ತೋರಿಸಿತು. ತಲೆಯ ಮೇಲೆ ಸೋಗೆ ಮಾತ್ರ ಸರಸರ ಅನ್ನುತ್ತಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆ ನಡೆದು ನಾಲೆ ಏರಿ ಹತ್ತಿದೆ. ಈಗ 17. ಸ್ವಲ್ಪ ಹೊತ್ತಿಗೆ 21. ಮತ್ತೆ 14. ಏರಿಯ ಮೇಲೆ ಹುಡುಗರು ಗಾಳಿಪಟ ಬಿಡುತ್ತಿದ್ದರು. ಒಬ್ಬನ ದಾರ ಕೈಗೆ ತೆಗೆದುಕೊಂಡೆ. ಬೆರಳು ಕುಯ್ಯುವಷ್ಟು ಬಿಗಿ ಇತ್ತು, ಮೇಲೆ ಗಾಳಿ ಇನ್ನೂ ಜಾಸ್ತಿ. ಒಂದೇ ಊರು, ಒಂದೇ ಹೊತ್ತು, ಮೂರು ಥರದ ಗಾಳಿ.

ಮುಂದೆ ಹೋಗುವ ಮುಂಚೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕಾರಿ ಅಪರಾಧ. ಮೈಸೂರು ಮಹಾರಾಜರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿತು. ಅದು ಹಾಗೇ ಇರಬೇಕು ಅನ್ನುವವನು ನಾನು. ನ್ಯೂಜಿಲೆಂಡಿನ ಲೆಕ್ಕ ಬೇರೆ. ಅಲ್ಲಿ ಜಿಂಕೆ ಆ ನೆಲದ ಪ್ರಾಣಿಯೇ ಅಲ್ಲ, 19ನೇ ಶತಮಾನದಲ್ಲಿ ಹೊರಗಿನಿಂದ ತಂದು ಬಿಟ್ಟಿದ್ದು. ಅದು ಅಲ್ಲಿನ ಕಾಡನ್ನು ಮೇಯ್ದು ಹಾಳು ಮಾಡುತ್ತದೆ ಅಂತ ಬೇಟೆಗೆ ಸರ್ಕಾರವೇ ಪರ್ಮಿಟ್ ಕೊಡುತ್ತದೆ. ಈ ಉತ್ತರ ನಿಮ್ಮ ಭಾವನಂಥವರಿಗೆ, ಜೊತೆಗೆ ನಮ್ಮಲ್ಲಿ ಶೂಟಿಂಗ್ ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯುವವರಿಗೆ.

ಈಗ ನಿಮ್ಮ ಪ್ರಶ್ನೆ. ಗಾಳಿ ಗುಂಡನ್ನು ಎಷ್ಟು ತಳ್ಳುತ್ತೆ? ಅಲ್ಲಿ ಜಿಂಕೆಗೆ ಸಾಮಾನ್ಯವಾಗಿ ಬಳಸುವ .308 ರೈಫಲನ್ನೇ ತೆಗೆದುಕೊಳ್ಳಿ. ಗಂಟೆಗೆ 16 ಕಿ.ಮೀ. ವೇಗದ ಗಾಳಿ ಪೂರ್ತಿ ಅಡ್ಡಕ್ಕೆ ಬೀಸುತ್ತಿದ್ದರೆ, 100 ಗಜದಲ್ಲಿ ಗುಂಡು 2 ಸೆಂಟಿಮೀಟರ್ ಸರಿಯುತ್ತೆ. 300 ಗಜದಲ್ಲಿ ಸುಮಾರು 18. 500 ಗಜಕ್ಕೆ ಹೋದರೆ ಹೆಚ್ಚುಕಡಿಮೆ ಅರ್ಧ ಮೀಟರ್. ದೂರ ಐದು ಪಟ್ಟಾದರೆ ತಪ್ಪು ಇಪ್ಪತ್ತೈದು ಪಟ್ಟು.

ಇಡೀ ದಾರಿಯಲ್ಲಿ ಯಾವ ಗಾಳಿ ಜಾಸ್ತಿ ಲೆಕ್ಕಕ್ಕೆ ಬರುತ್ತೆ? ಗುರಿಯ ಹತ್ತಿರದ್ದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಗುಂಡು ಅಲ್ಲಿ ನಿಧಾನವಾಗಿರುತ್ತಲ್ವಾ ಅನ್ನುತ್ತಾರೆ. ಆದರೆ ನೇಗಿಲ ಸಾಲು ನೆನೆಸಿಕೊಳ್ಳಿ. ಶುರುವಿನಲ್ಲೇ ಒಂದು ಬೆರಳು ಓರೆಯಾದರೆ, ಆಚೆ ಬದು ಮುಟ್ಟುವಷ್ಟರಲ್ಲಿ ಮಾರು ದೂರ ಹೋಗಿರುತ್ತೆ. ಕೊನೆಯಲ್ಲಿ ಓರೆಯಾದರೆ ಅಷ್ಟು ಗೊತ್ತೇ ಆಗಲ್ಲ. ಗುಂಡೂ ಹಾಗೆಯೇ. ಮೊದಲಲ್ಲೇ ಗಾಳಿ ಅದನ್ನು ಒಂಚೂರು ಓರೆ ಮಾಡಿದರೆ ಆ ಓರೆ ಕೊನೆಯವರೆಗೂ ಬೆಳೆಯುತ್ತಾ ಹೋಗುತ್ತೆ. ಅಂದರೆ ನಿಮ್ಮ ಕೈಯಲ್ಲಿರುವ ಮೀಟರ್ ಅಳೆಯುವುದು ಎಲ್ಲಕ್ಕಿಂತ ಮುಖ್ಯವಾದ ಗಾಳಿಯನ್ನೇ. ಒಂದೇ ಷರತ್ತು, ಹಿಡಿದ ಜಾಗ ಬಯಲಾಗಿರಬೇಕು. ಕಬ್ಬಿನ ಮರೆ, ಬಂಡೆಯ ಮರೆ, ಜೀಪಿನ ಮರೆ, ಕೊನೆಗೆ ನಿಮ್ಮ ಮೈಯ ಮರೆಯೂ ಆಗಬಾರದು. ತೋಳು ಚಾಚಿ, ಫ್ಯಾನಿನ ಮುಖ ಗಾಳಿಗೆ ನೇರ ಮಾಡಿ, ಒಂದು ನಿಮಿಷವಾದರೂ ಹಿಡಿಯಿರಿ. ಸರಾಸರಿ ಎಷ್ಟು, ಗರಿಷ್ಠ ಎಷ್ಟು ಎರಡನ್ನೂ ನೋಡಿ. ಒಂದು ಕ್ಷಣದ ಅಂಕಿ ನಂಬಬೇಡಿ.

ದಿಕ್ಕಿಗೆ ಗಡಿಯಾರದ ಲೆಕ್ಕ ಸಾಕು. ಗುರಿ 12 ಗಂಟೆ ಕಡೆ ಇದೆ ಅಂದುಕೊಳ್ಳಿ. 3 ಅಥವಾ 9ರ ಕಡೆಯಿಂದ ಬಂದರೆ ಗಾಳಿ ಪೂರ್ತಿ ಲೆಕ್ಕ. 1 ಗಂಟೆ ಕಡೆಯಿಂದ ಬಂದರೆ ಅರ್ಧ. ಎದುರಿನಿಂದ ಅಥವಾ ಹಿಂದಿನಿಂದ ಬಂದರೆ ಪಕ್ಕಕ್ಕೆ ತಳ್ಳುವುದೇ ಇಲ್ಲ ಅನ್ನಬಹುದು.

ಇನ್ನು ದೂರದ ಗಾಳಿ. ಅದನ್ನು ಈ ಮೀಟರ್ ಹೇಳಲ್ಲ, ಕಣ್ಣೇ ಹೇಳಬೇಕು. ಆದರೆ ಆ ಕಣ್ಣನ್ನು ಪಳಗಿಸುವುದು ಇದೇ ಮೀಟರ್. ನನ್ನ ಪ್ರಕಾರ ಇದರ ದೊಡ್ಡ ಉಪಯೋಗವೇ ಇದು. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ ಗಾಳಿಗೆ ದರ್ಜೆ ಕಟ್ಟಿದರು. ಆಮೇಲೆ ಅದನ್ನು ನೆಲಕ್ಕೂ ಹೊಂದಿಸಿಕೊಂಡರು. ಮುಖಕ್ಕೆ ಗಾಳಿ ತಾಗಿ ಎಲೆ ಸರಗುಟ್ಟಿದರೆ 6ರಿಂದ 11 ಕಿ.ಮೀ. ಎಲೆ, ಸಣ್ಣ ಕಡ್ಡಿ ಬಿಡುವಿಲ್ಲದೆ ಅಲ್ಲಾಡಿದರೆ 12ರಿಂದ 19. ಧೂಳು, ಕಾಗದ ಎದ್ದರೆ 20ರ ಮೇಲೆ. ಇದನ್ನು ಸುಮ್ನೆ ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ. ಹೊಂಗೆ ಮರ ನೋಡಿ, ಮನಸ್ಸಿನಲ್ಲೇ ಒಂದು ಅಂಕಿ ಹೇಳಿಕೊಂಡು, ಆಮೇಲೆ ಮೀಟರ್ ನೋಡಬೇಕು. ದಿನಾ ಹತ್ತು ಸಲ ಹೀಗೆ ಮಾಡಿದರೆ ತಿಂಗಳೊಳಗೆ ಕಣ್ಣು ಪಳಗುತ್ತದೆ. ಇದಕ್ಕೆ ಕೋವಿಯೇ ಬೇಕಿಲ್ಲ. ಬಿಸಿಲಿದ್ದರೆ ದುರ್ಬೀನಿನಲ್ಲಿ ನೆಲದ ಬಿಸಿಯ ಅಲೆ ಕಾಣುತ್ತದಲ್ಲ, ಅದೂ ಗಾಳಿ ಹೋಗುವ ಕಡೆಗೆ ವಾಲುತ್ತದೆ. ಗಾಳಿ ಇಲ್ಲದಿದ್ದರೆ ನೆಟ್ಟಗೆ ಕುದಿಯುವಂತೆ ಮೇಲೇಳುತ್ತದೆ, ಗಾಳಿ ಜೋರಾದರೆ ಅಡ್ಡಕ್ಕೆ ಹರಿಯುತ್ತದೆ.

ಬೆಟ್ಟದ ಸೀಮೆಯಲ್ಲಿ ಇದು ಇನ್ನೂ ಕಷ್ಟ. ಈಚೆ ಬೆಟ್ಟದಲ್ಲಿ ನೀವು, ಆಚೆ ಇಳಿಜಾರಿನಲ್ಲಿ ಜಿಂಕೆ. ನಡುವೆ ಕಣಿವೆಯ ಮೇಲೆ ಗುಂಡು ಹಾಯುವ ಕಡೆ ಹುಲ್ಲೂ ಇಲ್ಲ, ಎಲೆಯೂ ಇಲ್ಲ, ನೋಡುವುದಕ್ಕೆ ಏನೂ ಇರಲ್ಲ. ಬಿಸಿಲೇರಿದಂತೆ ಗಾಳಿ ಇಳಿಜಾರು ಹತ್ತುತ್ತದೆ, ಸಂಜೆ ತಂಪಾದರೆ ಇಳಿಯುತ್ತದೆ.

ನಿಮ್ಮ ಭಾವನಿಗೆ ತಪ್ಪದೇ ಹೇಳಬೇಕಾದ ಮಾತು ಇಲ್ಲಿದೆ. ಜಿಂಕೆಯ ಎದೆಯಲ್ಲಿ ಒಂದೇ ಏಟಿಗೆ ಪ್ರಾಣ ಹೋಗುವ ಜಾಗ, ಅಂದರೆ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ, ಸುಮಾರು 20ರಿಂದ 25 ಸೆಂಟಿಮೀಟರ್ ಅಗಲ. ನಡುವಿನಿಂದ ಆಚೀಚೆ ಹತ್ತು ಹನ್ನೆರಡು. ನೀವು ಗಾಳಿಯನ್ನು 5 ಕಿ.ಮೀ. ತಪ್ಪಾಗಿ ಅಂದಾಜು ಮಾಡಿದಿರಿ ಅನ್ನಿ. 300 ಗಜದಲ್ಲಿ ಆ ತಪ್ಪು 5-6 ಸೆಂಟಿಮೀಟರ್, ಗುಂಡು ಇನ್ನೂ ಒಳಗೇ ಬೀಳುತ್ತೆ. 500ರಲ್ಲಿ 16. ಆಗ ಗುಂಡು ಬೀಳುವುದು ಹೊಟ್ಟೆಗೋ ಭುಜಕ್ಕೋ. ಪ್ರಾಣಿ ಓಡಿಹೋಗಿ ಪೊದೆಯಲ್ಲಿ ಗಂಟೆಗಟ್ಟಲೆ ನರಳುತ್ತದೆ. ನಾಲೆ ಏರಿಯ ಮೇಲೆ ನಾನು ಕಂಡ 14 ಮತ್ತು 21ರ ನಡುವಿನ ಅಂತರವೇ 7, ಅದೂ ಒಂದೆರಡು ನಿಮಿಷದೊಳಗೆ. ಹಾಗಾಗಿ ಸರಾಸರಿಗೂ ಗರಿಷ್ಠಕ್ಕೂ ನಡುವೆ ಅಂತರ ದೊಡ್ಡದಿದ್ದರೆ, ಅಥವಾ ಕೈಯಲ್ಲಿನ ಅಂಕಿಗೂ ಆಚೆಯ ಹುಲ್ಲಿಗೂ ಹೊಂದದಿದ್ದರೆ, ಹೊಡೆಯಬಾರದು. ಕಾಯಬೇಕು, ಇಲ್ಲ ಹತ್ತಿರ ಹೋಗಬೇಕು. ಹತ್ತಿರ ಹೋಗುವಾಗ ಮೀಟರಿಗಿಂತ ಒಂದು ಚಿಟಿಕೆ ಬೂದಿ ಒಳ್ಳೆಯದು. ತೂರಿದರೆ ನಿಮ್ಮ ವಾಸನೆ ಯಾವ ಕಡೆ ಹೋಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ.

ಕೊನೆಗೆ ಒತ್ತಡದ ವಿಷಯ. ಮಂಡ್ಯ ಸಮುದ್ರಮಟ್ಟದಿಂದ 700 ಮೀಟರ್ ಹತ್ತಿರ ಇದೆ. ಹೆಚ್ಚುಕಡಿಮೆ ಪ್ರತಿ 8-9 ಮೀಟರ್ ಎತ್ತರಕ್ಕೆ ಒತ್ತಡ 1 ಅಂಕಿ ಇಳಿಯುತ್ತದೆ. ಮೊಬೈಲ್ ತೋರಿಸುವುದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ. ಮೀಟರ್ ತೋರಿಸಿದ 930 ನೀವು ನಿಂತ ಜಾಗದ ನಿಜವಾದ ಒತ್ತಡ. ಗುಂಡು ಎಷ್ಟು ಕೆಳಗಿಳಿಯುತ್ತೆ ಅನ್ನುವ ಲೆಕ್ಕಕ್ಕೆ ಬೇಕಾದದ್ದು ಇದೇ, ಯಾಕೆಂದರೆ ಗುಂಡು ಸೀಳಿಕೊಂಡು ಹೋಗುವುದು ಇಲ್ಲಿನ ತೆಳು ಗಾಳಿಯನ್ನು. ಆ ಲೆಕ್ಕಕ್ಕೆ ಮೊಬೈಲಿನ 1008 ಹಾಕಿದರೆ 500 ಗಜದಲ್ಲಿ ಗುಂಡು ಲೆಕ್ಕಕ್ಕಿಂತ ಕೆಲವು ಸೆಂಟಿಮೀಟರ್ ಮೇಲೆ ಬೀಳುತ್ತದೆ, ದೂರ ಹೆಚ್ಚಿದಂತೆ ಇನ್ನೂ ಜಾಸ್ತಿ. ಉಷ್ಣಾಂಶವೂ ಲೆಕ್ಕಕ್ಕೆ ಬರುತ್ತದೆ. ಜೇಬಿನಿಂದ ತೆಗೆದ ತಕ್ಷಣ ಮೀಟರ್ ಮೈಯ ಬಿಸಿಯನ್ನೇ ತೋರಿಸುತ್ತೆ, ನೆರಳಲ್ಲಿ ಗಾಳಿಗೆ ಸ್ವಲ್ಪ ಹೊತ್ತು ಹಿಡಿಯಿರಿ. ತೇವಾಂಶದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೂ ಅನುಮಾನ ಇದ್ದರೆ, ಭಾವ ವಾಪಸ್ ಹೊರಡುವ ಮುಂಚೆ ಒಂದು ಬೆಳಗ್ಗೆ ಮೀಟರ್ ಹಿಡಿದು ಇಬ್ಬರೂ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ. ಕೆಳಗೆ ಒಂದು ಸಲ, ನಂದಿಯ ಹತ್ತಿರ ಒಂದು ಸಲ, ಮೇಲೆ ಹೋಗಿ ಒಂದು ಸಲ ಒತ್ತಡ ಬರೆದುಕೊಳ್ಳಿ. ದೇವಸ್ಥಾನ ಮುಟ್ಟುವಷ್ಟರಲ್ಲಿ 20 ಅಂಕಿಗೂ ಜಾಸ್ತಿ ಇಳಿದಿರುತ್ತದೆ. ಗಾಳಿಯನ್ನೂ ಅಳೆಯಿರಿ. ಮೆಟ್ಟಿಲ ಪಕ್ಕದ ಮರಗಳ ಮರೆಯಲ್ಲಿ ಒಂದು ಸಲ, ನಂದಿಯ ಮುಂದಿನ ಬಯಲಿನಲ್ಲಿ ಒಂದು ಸಲ.