ಕಳ್ಳವೋಟು: ಸುಳ್ಳೋ, ಕದ್ದದ್ದೋ?

ಕಾಸರಗೋಡಿನಲ್ಲಿ ಚುನಾವಣೆ ಹತ್ತಿರವಾದಾಗ ಎಲ್ಲರ ಬಾಯಲ್ಲೂ ಓಡಾಡುವ ಪದ ಕಳ್ಳವೋಟು. ಪತ್ರಿಕೆಯಲ್ಲಿ ‘ನಕಲಿ ಮತದಾನ’ ಎಂದು ಬರುತ್ತದೆ, ಆದರೆ ಚಾದಂಗಡಿಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

ಪದ ಒಂದೇ ಆದರೂ ಕೇಳುವ ಕಿವಿ ಎರಡು. ಮಲಯಾಳದಲ್ಲಿ ಕಳ್ಳನ್ ಎಂದರೆ ಕಳ್ಳ, ಕಳ್ಳಂ ಎಂದರೆ ಸುಳ್ಳು. ಹಾಗಾಗಿ ಮಲಯಾಳಿಗಳಿಗೆ ಅದು ಸುಳ್ಳು ವೋಟೂ ಹೌದು. ಕನ್ನಡದವರಿಗೆ ಮೊದಲು ನೆನಪಾಗುವುದು ಕಳವು. ನಮ್ಮಲ್ಲೂ ಕಳ್ಳನೋಟು, ಕಳ್ಳನಿದ್ದೆ ಇವೆಯಲ್ಲ ಎನ್ನಬಹುದು. ಇವೆ, ಆದರೆ ಮಗು ಕಳ್ಳನಿದ್ದೆ ಮಾಡಿದರೆ ಬೇರೆ ಯಾರ ನಿದ್ದೆಯೂ ಹೋಗುವುದಿಲ್ಲ. ವೋಟು ಹಾಗಲ್ಲ. ಅದು ಇನ್ನೊಬ್ಬರ ಹೆಸರಿನಿಂದಲೇ ಹೋಗಬೇಕು. ಈ ಪದಕ್ಕೆ ಕನ್ನಡದ ಅರ್ಥವೇ ಸರಿ ಎಂದು ನಾನು ಹೇಳುವುದು ಅದಕ್ಕೇ.

ನಮ್ಮ ಅತ್ತೆ ಒಮ್ಮೆ ಮಧ್ಯಾಹ್ನದ ಊಟ ಮುಗಿಸಿ, ಸೀರೆ ಬದಲಿಸಿ ಬೂತಿಗೆ ಹೋದರು. ಪಟ್ಟಿ ನೋಡಿದವರು, “ನಿಮ್ಮ ಓಟು ಆಗಿದೆಯಲ್ಲ ಅಮ್ಮ” ಎಂದರು. “ನಾನು ಈಗ ಬರುವುದಷ್ಟೆ, ಆಗುವುದು ಹೇಗೆ?” ಎಂದು ಅತ್ತೆ ಎಡಗೈಯ ತೋರುಬೆರಳು ಚಾಚಿದರು. ಉಗುರಿನ ಸಂದಿಯಲ್ಲಿ ಅರಸಿನ ಇತ್ತು, ಶಾಯಿ ಇರಲಿಲ್ಲ.

ಹೀಗಾದಾಗ ಸುಮ್ಮನೆ ಮನೆಗೆ ಬರಬಾರದು. ಗುರುತು ಸರಿಯಿದೆ ಎಂದು ಅಧಿಕಾರಿಗೆ ಮನವರಿಕೆಯಾದರೆ ‘ಟೆಂಡರ್ಡ್ ವೋಟು’ ಕೊಡಲೇಬೇಕು; 1961ರ ಚುನಾವಣಾ ನಿಯಮಗಳ 49ಪಿ ಹೇಳುವುದು ಇದನ್ನೇ. ಯಂತ್ರದ ಗುಂಡಿ ಒತ್ತುವಂತಿಲ್ಲ. 17ಬಿ ನಮೂನೆಯಲ್ಲಿ ಹೆಸರು ಬರೆದು ಸಹಿ ಹಾಕಿಸಿಕೊಂಡು ಕಾಗದದ ಮತಪತ್ರ ಕೊಡುತ್ತಾರೆ. ಗುರುತು ಹಾಕಿ ಮಡಚಿ ಕೊಟ್ಟರೆ ಅದು ಪ್ರತ್ಯೇಕ ಲಕೋಟೆಗೆ ಹೋಗುತ್ತದೆ. ಎಣಿಕೆಯ ದಿನ ಆ ಲಕೋಟೆ ತೆರೆಯುವುದಿಲ್ಲ. ಕದ್ದ ವೋಟು ಲೆಕ್ಕಕ್ಕೆ, ಕಳಕೊಂಡವರ ವೋಟು ಲಕೋಟೆಗೆ! ಮತದಾನ ಗುಟ್ಟಿನದ್ದಾದ್ದರಿಂದ ಯಂತ್ರದೊಳಗೆ ಬಿದ್ದ ಕಳ್ಳವೋಟು ಯಾವುದೆಂದು ಹೆಕ್ಕಿ ತೆಗೆಯಲು ಬರುವುದಿಲ್ಲ ಎಂಬುದು ಕಾರಣ. ಆದರೂ ನನಗೆ ಇದು ಸಮಾಧಾನ ಕೊಟ್ಟಿಲ್ಲ.

ಕಳ್ಳವೋಟು ಬೀಳುವ ಮೊದಲೇ ತಡೆಯುವುದಕ್ಕೆ ‘ಚಾಲೆಂಜ್ ವೋಟು’ ಇದೆ. ಬಂದವರು ಆ ಹೆಸರಿನವರಲ್ಲ ಎಂದು ಬೂತ್ ಏಜೆಂಟ್ 2 ರೂಪಾಯಿ ಕಟ್ಟಿ ಆಕ್ಷೇಪಿಸಬಹುದು. ಅಲ್ಲಿಯೇ ವಿಚಾರಣೆ ನಡೆಯುತ್ತದೆ. ಆಕ್ಷೇಪ ಹುರುಳಿಲ್ಲದ್ದಾದರೆ ಆ 2 ರೂಪಾಯಿ ಸರಕಾರಕ್ಕೆ. ಅಧಿಕಾರಿಯ ಕೈಯಲ್ಲಿ ಊರಲ್ಲಿಲ್ಲದವರು, ಮನೆ ಬದಲಿಸಿದವರು, ತೀರಿಹೋದವರ ಪಟ್ಟಿಯೂ ಇರುತ್ತದೆ. ಮನೆಗೊಬ್ಬರು ಕೊಲ್ಲಿಯಲ್ಲಿರುವ ನಮ್ಮ ಕಡೆ ಆ ಪಟ್ಟಿಗೆ ಬಹಳ ಬೆಲೆ.

‘ಓಪನ್ ವೋಟು’ ಮಾತ್ರ ಬೇರೆ. ಕಣ್ಣು ಕಾಣದವರು, ಸ್ವತಃ ಗುಂಡಿ ಒತ್ತಲಾಗದ ಅಶಕ್ತರು ಜತೆಗೊಬ್ಬರನ್ನು ಕರೆತಂದು ಹಾಕಿಸುವ ವೋಟು ಅದು. ಕಾನೂನು ಒಪ್ಪುತ್ತದೆ, ಆದರೆ ಒಬ್ಬರು ಒಂದು ದಿನದಲ್ಲಿ ಒಬ್ಬರಿಗೆ ಮಾತ್ರ ಜತೆಯಾಗಬಹುದು. 2019ರ ಲೋಕಸಭಾ ಚುನಾವಣೆಯಲ್ಲಿ ಕಾಸರಗೋಡು ಕ್ಷೇತ್ರದ ಬೂತ್‌ಗಳಲ್ಲಿ ಕಳ್ಳವೋಟು ಬಿದ್ದಿದೆ ಎನ್ನಲಾದ ಕ್ಯಾಮೆರಾ ದೃಶ್ಯ ಹೊರಬಂದಾಗ ‘ಅದು ಓಪನ್ ವೋಟು’ ಎಂಬ ಸಮರ್ಥನೆ ಕೇಳಿಬಂತು. ಕೊನೆಗೆ ಕೆಲವು ಬೂತ್‌ಗಳಲ್ಲಿ ಮೇ 19ರಂದು ಮರುಮತದಾನವೇ ನಡೆಯಿತು.

ಒಂದೆರಡು ವೋಟಿನಿಂದ ಏನಾಗುತ್ತದೆ ಎನ್ನುವವರು ಮಂಜೇಶ್ವರವನ್ನು ನೋಡಬೇಕು. 2016ರ ವಿಧಾನಸಭಾ ಚುನಾವಣೆಯಲ್ಲಿ ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ಅಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಎದುರು ಗೆದ್ದದ್ದು 89 ಮತಗಳಿಂದ. ಸತ್ತವರ, ವಿದೇಶದಲ್ಲಿದ್ದವರ ಹೆಸರಲ್ಲಿ ವೋಟು ಬಿದ್ದಿದೆ ಎಂದು ಸುರೇಂದ್ರನ್ ಹೈಕೋರ್ಟಿಗೆ ಹೋದರು. ಸತ್ತವರೆಂದು ಅವರು ಕೊಟ್ಟ ಪಟ್ಟಿಯಲ್ಲಿದ್ದ ಕೆಲವರು ಕೋರ್ಟಿನ ಸಮನ್ಸನ್ನು ಕೈಯಾರೆ ತೆಗೆದುಕೊಂಡರು. 2018ರಲ್ಲಿ ರಜಾಕ್ ತೀರಿಕೊಂಡರು, ಮರುವರ್ಷ ಸುರೇಂದ್ರನ್ ಅರ್ಜಿ ಹಿಂದಕ್ಕೆ ಪಡೆದರು. ಆರೋಪ ನಿಜವೋ ಅಲ್ಲವೋ, ತೀರ್ಪು ಬರಲಿಲ್ಲ.

ಅತ್ತೆಯ ಲಕೋಟೆಯನ್ನೂ ಯಾರೂ ತೆರೆಯಲಿಲ್ಲ. ಮುಂದಿನ ಚುನಾವಣೆಯ ದಿನ ಅವರು ದೋಸೆ ಕಾವಲಿ ಒಲೆಗೇರಿಸುವ ಮೊದಲೇ ಹೊರಟರು. ಬೂತಿನ ಬಾಗಿಲು ತೆರೆಯುವಾಗ ಸಾಲಿನಲ್ಲಿ ಅವರೇ ಮೊದಲು.