ದೃಢೀಕರಣ ಆಯಿತಲ್ಲ, ಇನ್ನೇಕೆ ಯುವಸಂಘ?

ಪ್ರಶ್ನೆ: ನಾವು ಕುಮಟಾ ಕಡೆಯವರು. ಮಗನಿಗೆ 15 ವರ್ಷ, ಮಗಳಿಗೆ 9. ಇಬ್ಬರನ್ನೂ ಚರ್ಚಿನ ಯೂತ್ ಗ್ರೂಪಿಗೆ ಒಟ್ಟಿಗೆ ಕಳುಹಿಸಬಹುದೇ? ಮಗನ ದೃಢೀಕರಣ (ಕನ್ಫರ್ಮೇಶನ್ ಸಂಸ್ಕಾರ) ಮುಗಿದಿದೆ. ಅವನಿಗೆ ಇನ್ನೂ ಅದರ ಅಗತ್ಯವಿದೆಯೇ?

ಉತ್ತರ: ಒಟ್ಟಿಗೆ ಬೇಡ. ಒಂಬತ್ತರ ಹುಡುಗಿಯ ಜಾಗ ಯುವಸಂಘವಲ್ಲ. ಅವಳ ವಯಸ್ಸಿನವರಿಗೆ ಭಾನುವಾರದ ದೊತೊರ್ನ್ (ಧರ್ಮಬೋಧೆ) ತರಗತಿ ಇದೆ, ಹಲವು ಕಡೆ ಹೋಲಿ ಚೈಲ್ಡ್‌ಹುಡ್ ಗುಂಪೂ ಇದೆ. ಇದು 1843ರಲ್ಲಿ ಫ್ರಾನ್ಸಿನ ಬಿಷಪ್ ಫೋರ್ಬಿನ್ ಜಾನ್ಸನ್ ಆರಂಭಿಸಿದ್ದು. ಮಕ್ಕಳೇ ಮಕ್ಕಳಿಗಾಗಿ ಪ್ರಾರ್ಥಿಸಿ, ತಮ್ಮ ಚಿಲ್ಲರೆ ಕಾಸಿನಲ್ಲಿ ನೆರವಾಗಬೇಕು ಎಂಬುದು ಅದರ ಉದ್ದೇಶ. ಹೈಸ್ಕೂಲಿನವರಿಗೆ ವೈಸಿಎಸ್ (ಯಂಗ್ ಕ್ಯಾಥೊಲಿಕ್ ಸ್ಟೂಡೆಂಟ್ಸ್), ಕಾಲೇಜು ಮತ್ತು ಅದಕ್ಕಿಂತ ಮೇಲಿನವರಿಗೆ ಐಸಿವೈಎಂ (ಇಂಡಿಯನ್ ಕ್ಯಾಥೊಲಿಕ್ ಯೂತ್ ಮೂವ್‌ಮೆಂಟ್). ಘಟ್ಟದ ಮೇಲಿನ ಸಣ್ಣ ಧರ್ಮಕೇಂದ್ರಗಳಲ್ಲಿ ಮಕ್ಕಳೇ ಬೆರಳೆಣಿಕೆಯಷ್ಟಿರುವಾಗ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಅದು ಅನಿವಾರ್ಯ, ಆದರ್ಶವಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಕಾರವಾರದಿಂದ ಭಟ್ಕಳದವರೆಗೆ ಎಲ್ಲರೂ ಕೇಳುವುದು ಇದನ್ನೇ, ನಾನು ಹೇಳಿ ಹೇಳಿ ಸೋತಿರುವುದೂ ಇದನ್ನೇ. ದೃಢೀಕರಣವನ್ನು ನಮ್ಮ ಜನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಂದು ತಿಳಿದಿದ್ದಾರೆ. ಬಿಷಪ್ ಬಂದರು, ಹಣೆಗೆ ತೈಲ ಹಚ್ಚಿದರು, ಫೋಟೊ ತೆಗೆದಾಯಿತು, ಊಟವೂ ಆಯಿತು. ಮರುವಾರದಿಂದ ಹುಡುಗ ಭಾನುವಾರ ಟ್ಯೂಷನ್‌ಗೆ! ಜ್ಞಾನಸ್ನಾನ (ಬ್ಯಾಪ್ಟಿಸಮ್), ದೃಢೀಕರಣ, ಪರಮಪ್ರಸಾದ (ಕಮ್ಯೂನಿಯನ್) ಇವು ಮೂರೂ ಧರ್ಮಸಭೆ ಪ್ರವೇಶದ ಸಂಸ್ಕಾರಗಳು. ಮನೆಯೊಳಗೆ ಕರೆದದ್ದನ್ನೇ ಬೀಳ್ಕೊಡುಗೆ ಎಂದುಕೊಂಡರೆ ಏನು ಹೇಳುವುದು?

ನಂಬಿಕೆ ಬರದಿದ್ದರೆ ಕೇರಳದ ಆರ್ಥಡಾಕ್ಸ್ ಸಿರಿಯನ್ ಕುಟುಂಬವೊಂದನ್ನು ಕೇಳಿ. ಅವರಲ್ಲಿ ಜ್ಞಾನಸ್ನಾನದ ದಿನವೇ ಕೂಸಿಗೆ ತೈಲಾಭಿಷೇಕವೂ, ಅಂದರೆ ನಮ್ಮ ದೃಢೀಕರಣವೂ, ಆಗಿಬಿಡುತ್ತದೆ. ನಿಮ್ಮ ಲೆಕ್ಕದಲ್ಲಿ ಆ ಕೂಸು ತೊಟ್ಟಿಲಲ್ಲೇ ಓದು ಮುಗಿಸಿದಂತಾಯಿತು. ನಮ್ಮಲ್ಲಿ ಗೊಂದಲ ಹುಟ್ಟಲು ಕಾರಣವೂ ಇದೆ. 1910ರಲ್ಲಿ ಪೋಪ್ ಹತ್ತನೇ ಪಯಸ್ ಮೊದಲ ಪರಮಪ್ರಸಾದದ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದರು. ದೃಢೀಕರಣ ಮಾತ್ರ ಹಿಂದೆ ಉಳಿದು ಸಾಲಿನ ಕೊನೆಗೆ ಬಂತು. ಕೊನೆಗೆ ಬಂದದ್ದನ್ನೆಲ್ಲ ಅಂತಿಮ ಪರೀಕ್ಷೆ ಎಂದುಕೊಳ್ಳುವುದು ನಮ್ಮ ಅಭ್ಯಾಸ.

ಆದ್ದರಿಂದ ಹದಿನೈದರ ಹುಡುಗನಿಗೆ ಗುಂಪು ಬೇಕಾಗುವುದು ಈಗಲೇ. ಪಾಠ ಒಪ್ಪಿಸುವ ವಯಸ್ಸು ದಾಟಿ, ಎದುರು ಪ್ರಶ್ನೆ ಹಾಕುವ ವಯಸ್ಸಿಗೆ ಬಂದಿದ್ದಾನೆ. ವೈಸಿಎಸ್ ನಡೆಯುವುದೇ ಅಂಥ ಪ್ರಶ್ನೆಗಳ ಮೇಲೆ. ಅದರ ಬೇರು ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ 1925ರಲ್ಲಿ ಯುವ ಕಾರ್ಮಿಕರಿಗಾಗಿ ಕಟ್ಟಿದ ಚಳವಳಿಯಲ್ಲಿದೆ. ನೋಡು, ವಿವೇಚಿಸು, ಕೆಲಸ ಮಾಡು ಎಂಬುದು ಅವರ ಕ್ರಮ. ಬಸ್ ನಿಲ್ದಾಣದ ಕಸವೋ, ತರಗತಿಯಲ್ಲಿ ಒಬ್ಬನನ್ನು ಎಲ್ಲರೂ ದೂರವಿಡುವುದೋ, ಕಣ್ಣೆದುರಿನ ಒಂದು ಸಂಗತಿಯನ್ನು ಹುಡುಗರೇ ಎತ್ತಿಕೊಳ್ಳಬೇಕು. ಡಿಸೆಂಬರಿನಲ್ಲಿ ಗೋದಲಿ ಕಟ್ಟಿ, ನಕ್ಷತ್ರ ತೂಗುಹಾಕಿ, ಜನವರಿಯಲ್ಲಿ ಮಾಯವಾಗುವ ಗುಂಪು ನಿಮ್ಮಲ್ಲಿದ್ದರೆ ಅದು ಅಲಂಕಾರ ಸಮಿತಿ. ಅಲ್ಲಿಗೆ ಕಳುಹಿಸುವ ಮೊದಲು ವರ್ಷದ ಉಳಿದ ತಿಂಗಳು ಏನು ಮಾಡುತ್ತೀರಿ ಎಂದು ಪಾದ್ರಿಗಳನ್ನು ಕೇಳಿ.

ಮಗಳ ವಿಷಯದಲ್ಲಿ ನೀವು ಕೇಳದ ಒಂದು ಮಾತು. ಅವಳು ಪೀಠಸೇವೆಗೆ, ಅಂದರೆ ಪೂಜೆಯಲ್ಲಿ ಪಾದ್ರಿಗೆ ನೆರವಾಗಲು, ನಿಲ್ಲಬಹುದು. ಹುಡುಗಿಯರಿಗೆ ಅದು ನಿಷಿದ್ಧ ಎಂದು ಈಗಲೂ ಹೇಳುವ ಅಜ್ಜಂದಿರಿದ್ದಾರೆ. 1994ರಲ್ಲೇ ರೋಮ್ ಇದಕ್ಕೆ ದಾರಿ ಬಿಟ್ಟು, ತೀರ್ಮಾನವನ್ನು ಆಯಾ ಬಿಷಪರಿಗೆ ವಹಿಸಿತು. ಬಿಷಪ್ ಒಪ್ಪಿದ ಮೇಲೂ ಯಾವ ಪಾದ್ರಿಯನ್ನೂ ಬಲವಂತಪಡಿಸುವಂತಿಲ್ಲ. ಹಾಗಾಗಿ ನಿಮ್ಮೂರಿನ ಚರ್ಚಿನಲ್ಲಿಯೇ ವಿಚಾರಿಸಿ. ಒಪ್ಪಿಗೆ ಸಿಕ್ಕರೆ ಅಣ್ಣನ ಹಳೆಯ ಬಿಳಿ ನಿಲುವಂಗಿಯನ್ನು ಒಂದಿಷ್ಟು ಮೋಟು ಮಾಡಿಸಿದರಾಯಿತು.