ಮೂರು ಕಡೆ ಬರೆದಿಟ್ಟ ಲೆಕ್ಕ ಒಂದೇ ಲೆಕ್ಕವಾಗುವುದು ಹೇಗೆ?

ಪ್ರಶ್ನೆ: ನಮ್ಮ ಸಂಘದ ಲೆಕ್ಕಪತ್ರವನ್ನು ಈಗ ಕ್ಲೌಡ್‌ನಲ್ಲಿ ಇಡುತ್ತಿದ್ದೇವೆ. ಅಲ್ಲಿ ಒಂದು ಕಂಪ್ಯೂಟರ್ ಕೆಟ್ಟರೂ ಬೇರೆ ಕಡೆ ಪ್ರತಿ ಇರುತ್ತದೆ, ಚಿಂತೆ ಬೇಡ ಎಂದು ಹೇಳಿದರು. ಆದರೆ ಮೊಬೈಲಿನಲ್ಲಿ ತಿದ್ದಿದ ಅಂಕಿ ಕೆಲವೊಮ್ಮೆ ಆಫೀಸಿನ ಕಂಪ್ಯೂಟರಿನಲ್ಲಿ ಹಳೆಯದಾಗಿಯೇ ಕಾಣುತ್ತದೆ. ಅಷ್ಟೊಂದು ಪ್ರತಿಗಳಿದ್ದೂ ಹೀಗೇಕೆ? ಯಾವುದನ್ನು ನಂಬಬೇಕು?

ಉತ್ತರ: ಅಷ್ಟೊಂದು ಪ್ರತಿಗಳು ಇರುವುದರಿಂದಲೇ ಹೀಗಾಗುತ್ತದೆ. ಪ್ರತಿ ಮಾಡಿಡುವುದು ಸುಲಭ. ಎಲ್ಲ ಪ್ರತಿಗಳೂ ಸದಾ ಒಂದೇ ಮಾತು ಹೇಳುವಂತೆ ಮಾಡುವುದು ಕಷ್ಟ. ಎಷ್ಟು ಕಷ್ಟವೆಂದರೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆನ್ ಬಿರ್ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ 1980ರ ದಶಕದಿಂದ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರ ಕೆಲಸದ ಮೂಲಕವೇ ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗಗಳಲ್ಲಿ ಮಂಡಿ ಇಟ್ಟುಕೊಂಡ ಮೂವರು ಅಣ್ಣತಮ್ಮಂದಿರಿದ್ದಾರೆ ಎಂದುಕೊಳ್ಳಿ. ವ್ಯಾಪಾರ ಒಟ್ಟಿನದು, ಕಿರ್ದಿ ಪುಸ್ತಕ ಮಾತ್ರ ಮೂರು. ಒಬ್ಬರು ಹಣ ಪಡೆದರೆ ಉಳಿದಿಬ್ಬರಿಗೆ ಫೋನ್ ಮಾಡಿ ಹೇಳುತ್ತಾರೆ, ಮೂವರೂ ಬರೆದುಕೊಳ್ಳುತ್ತಾರೆ. ಒಂದು ದಿನ ಶಿವಮೊಗ್ಗದವರು ಫೋನ್ ಎತ್ತುವುದಿಲ್ಲ. ಅವರಿಗೆ ಹುಷಾರಿಲ್ಲವೇ? ಊಟಕ್ಕೆ ಎದ್ದುಹೋದರೇ? ಅಥವಾ ಲೈನ್ ಹೋಗಿದ್ದು, ಅವರು ಅಲ್ಲಿ ಎಂದಿನಂತೆ ಕೂತು ಗಿರಾಕಿಗಳಿಗೆ ಹಣ ಕೊಡುತ್ತಲೇ ಇದ್ದಾರೆಯೇ? ಮೊದಲಿನ ಎರಡಾದರೆ ತೊಂದರೆಯಿಲ್ಲ. ಕೊನೆಯದಾದರೆ ಸಂಜೆಯ ಹೊತ್ತಿಗೆ ಒಂದೇ ಮನೆತನಕ್ಕೆ ಎರಡು ಲೆಕ್ಕ ಹುಟ್ಟಿರುತ್ತವೆ. ಆ ಕಡೆಯ ಮೌನ ಯಾವ ಬಗೆಯದು ಎಂದು ಈ ಕಡೆ ಕೂತವರಿಗೆ ತಿಳಿಯುವುದೇ ಇಲ್ಲ.

ಕಂಪ್ಯೂಟರುಗಳ ಪಾಡೂ ಇದೇ. ಮೈಕೆಲ್ ಫಿಶರ್, ನ್ಯಾನ್ಸಿ ಲಿಂಚ್, ಮೈಕೆಲ್ ಪ್ಯಾಟರ್ಸನ್ ಎಂಬ ಮೂವರು 1985ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಸಂದೇಶ ಎಷ್ಟು ತಡವಾಗಬಹುದು ಎಂಬುದಕ್ಕೆ ಮಿತಿಯೇ ಇಲ್ಲದಿದ್ದರೆ, ಒಂದೇ ಒಂದು ಯಂತ್ರ ಕೆಡುವ ಸಾಧ್ಯತೆ ಇದ್ದರೂ ಸಾಕು, ಎಲ್ಲ ಯಂತ್ರಗಳೂ ಒಮ್ಮತಕ್ಕೆ ಬಂದೇ ಬರುತ್ತವೆ ಎಂಬ ಖಾತ್ರಿಯನ್ನು ಯಾವ ನಿಶ್ಚಿತ ಕ್ರಮವೂ ಕೊಡಲಾರದು. ನಿರಾಶೆ ಹುಟ್ಟಿಸುವ ಫಲಿತಾಂಶ. ಹಾಗೆಂದು ಬ್ಯಾಂಕು, ವಿಮಾನ ನಿಲ್ದಾಣಗಳ ಕೆಲಸ ನಿಲ್ಲಿಸಲು ಆಗುತ್ತದೆಯೇ?

ಬಿರ್ಮನ್ ಮತ್ತು ಅವರ ಸಂಗಡಿಗರು ಅದೇ ವರ್ಷಗಳಲ್ಲಿ ಇಸಿಸ್ ಎಂಬ ತಂತ್ರಾಂಶ ಕಟ್ಟುತ್ತಿದ್ದರು. ತುಂಡುತುಂಡಾಗಿದ್ದ ಗಂಡ ಒಸೈರಿಸ್‌ನನ್ನು ಒಟ್ಟುಗೂಡಿಸಿ ಬದುಕಿಸಿದ ಈಜಿಪ್ಟಿನ ದೇವತೆಯ ಹೆಸರದು. ಕೆಟ್ಟ ಯಂತ್ರಗಳ ನಡುವೆಯೂ ಜೀವ ಉಳಿಸಿಕೊಳ್ಳುವ ವ್ಯವಸ್ಥೆಗೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ತೋಚುವುದಿಲ್ಲ.

ಇಸಿಸ್‌ನ ಯುಕ್ತಿ ಇರುವುದು ಹಾಜರಿ ಪಟ್ಟಿಯಲ್ಲಿ. ಈಗ ಗುಂಪಿನಲ್ಲಿ ಯಾರ್ಯಾರು ಇದ್ದಾರೆ ಎಂಬ ಪಟ್ಟಿ ಪ್ರತಿಯೊಬ್ಬರ ಕೈಯಲ್ಲೂ ಇರುತ್ತದೆ. ಶಿವಮೊಗ್ಗದವರು ಇಂತಿಷ್ಟು ಹೊತ್ತು ಉತ್ತರಿಸದಿದ್ದರೆ, ಅವರು ಬದುಕಿದ್ದಾರೋ ಇಲ್ಲವೋ ಎಂಬ ಚರ್ಚೆಗೆ ಇಳಿಯದೆ ಉಳಿದಿಬ್ಬರು ಸೇರಿ ಅವರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಹೊಸ ಪಟ್ಟಿಗೆ ದಾಟುವ ಮುನ್ನ, ಹಳೆಯ ಪಟ್ಟಿ ಇದ್ದಾಗ ಬಂದ ನಮೂದುಗಳೆಲ್ಲ ಇಬ್ಬರ ಪುಸ್ತಕದಲ್ಲೂ ಇವೆಯೇ ಎಂದು ತಾಳೆ ನೋಡುತ್ತಾರೆ. ಒಬ್ಬರಲ್ಲಿ ಇದ್ದು ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಬರೆದುಕೊಂಡ ಮೇಲೆಯೇ ಮುಂದಿನ ಹೆಜ್ಜೆ. ಇತ್ತ ಶಿವಮೊಗ್ಗದವರಿಗೆ ಉಳಿದಿಬ್ಬರೂ ಸಿಗುತ್ತಿಲ್ಲ. ತಮ್ಮ ಕಡೆ ಬಹುಮತವಿಲ್ಲ ಎಂದು ತಿಳಿದ ಕೂಡಲೇ ಅವರು ವ್ಯವಹಾರ ನಿಲ್ಲಿಸಬೇಕು. ಲೈನ್ ಬಂದ ಮೇಲೆ ಹೊಸಬರಂತೆ ಬಂದು, ಈಗಿನ ಲೆಕ್ಕದ ಪ್ರತಿ ಪಡೆದು, ಹೊಸ ಪಟ್ಟಿಯಲ್ಲಿ ಹೆಸರು ಹಚ್ಚಿಸಿಕೊಳ್ಳಬೇಕು. ಬದುಕಿರುವವರನ್ನೇ ಇಲ್ಲವೆಂದು ಸಾರುವುದು ಕ್ರೂರವಾಗಿ ಕಾಣುತ್ತದೆ. ಆದರೆ ಎರಡು ಲೆಕ್ಕ ಹುಟ್ಟದಂತೆ ತಡೆಯುವುದು ಈ ಕಟ್ಟುನಿಟ್ಟೇ. ಎಲ್ಲರೂ ಒಂದೇ ಹೊತ್ತಿನಲ್ಲಿ ಹೆಜ್ಜೆ ಇಡದಿದ್ದರೂ, ನೋಡುವವರಿಗೆ ಒಟ್ಟಿಗೇ ಹೆಜ್ಜೆ ಇಟ್ಟಂತೆ ಕಾಣುವ ಈ ವಿಧಾನಕ್ಕೆ ವರ್ಚುವಲ್ ಸಿಂಕ್ರೊನಿ ಎಂದು ಹೆಸರಾಯಿತು. ಬಿರ್ಮನ್ ಮತ್ತು ಥಾಮಸ್ ಜೋಸೆಫ್ 1987ರಲ್ಲಿ ಇದನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು.

ಇದು ಕಾಗದದಲ್ಲೇ ಉಳಿಯಲಿಲ್ಲ. ನ್ಯೂಯಾರ್ಕ್ ಷೇರುಪೇಟೆಯಲ್ಲಿ ದರ ಮತ್ತು ವಹಿವಾಟು ತೋರಿಸುವ ವ್ಯವಸ್ಥೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಸಿಸ್ ಮೇಲೆ ನಡೆಯಿತು. ಫ್ರಾನ್ಸಿನ ವಿಮಾನ ಸಂಚಾರ ನಿಯಂತ್ರಣಕ್ಕೂ ಇದು ಹೋಯಿತು. ಒಂದೇ ವಿಮಾನದ ಬಗ್ಗೆ ಇಬ್ಬರು ನಿಯಂತ್ರಕರ ಪರದೆಗಳು ಬೇರೆ ಬೇರೆ ಮಾಹಿತಿ ತೋರಿಸಿದರೆ ಏನಾದೀತು ಎಂದು ಯೋಚಿಸಿದರೆ, ಲೆಕ್ಕ ಎರಡಾಗಬಾರದು ಎಂಬ ಹಟದ ಬೆಲೆ ತಿಳಿಯುತ್ತದೆ.

ಕ್ಲೌಡ್ ಬಂದಾಗ ಈ ಹಟ ಸಡಿಲವಾಯಿತು. 2000ದಲ್ಲಿ ಎರಿಕ್ ಬ್ರೂವರ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಮಾತು ಮುಂದಿಟ್ಟರು: ಜಾಲ ತುಂಡಾದ ಹೊತ್ತಿನಲ್ಲಿ, ಯಾರೇ ಕೇಳಿದರೂ ಕೂಡಲೇ ಉತ್ತರ ಕೊಡುವುದು ಮತ್ತು ಎಲ್ಲರಿಗೂ ಒಂದೇ ಉತ್ತರ ಕೊಡುವುದು, ಇವೆರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದು. ಸೇಥ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ 2002ರಲ್ಲಿ ಅದಕ್ಕೆ ಪುರಾವೆ ಒದಗಿಸಿದರು. ದೊಡ್ಡ ಕಂಪನಿಗಳು ಬೇಗ ಉತ್ತರಿಸುವ ದಾರಿಯನ್ನೇ ಹಿಡಿದವು. ಈಗ ಉತ್ತರ ಕೊಟ್ಟುಬಿಡೋಣ, ಪ್ರತಿಗಳು ಆಮೇಲೆ ನಿಧಾನವಾಗಿ ಸರಿಹೊಂದಲಿ ಎಂಬ ನೀತಿ. ಅಮೆಜಾನ್ 2007ರಲ್ಲಿ ತನ್ನ ಡೈನಮೋ ವ್ಯವಸ್ಥೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ: ಖರೀದಿ ಬುಟ್ಟಿಗೆ ಸೇರಿಸಿದ್ದು ಕಳೆದುಹೋಗುವುದಿಲ್ಲ, ಆದರೆ ತೆಗೆದುಹಾಕಿದ ವಸ್ತು ಮತ್ತೆ ಕಾಣಿಸಿಕೊಳ್ಳಬಹುದು.

ಖರೀದಿ ಬುಟ್ಟಿಗೆ ಅದು ಸಾಕು. ಬೇಡವೆಂದ ಸೋಪು ಮತ್ತೆ ಕಂಡರೆ ಇನ್ನೊಮ್ಮೆ ತೆಗೆದರಾಯಿತು. ಬಿರ್ಮನ್ ಅವರ ತಕರಾರು ಇರುವುದು ಇದೇ ನೀತಿಯನ್ನು ಎಲ್ಲದಕ್ಕೂ ಹಚ್ಚುವುದರ ಬಗ್ಗೆ. ಬ್ರೂವರ್ ಹೇಳಿದ ಮಿತಿ ನಿಜ, ಆದರೆ ಒಂದೇ ಕಟ್ಟಡದ ಒಳಗಿನ ಯಂತ್ರಗಳ ನಡುವೆ ಜಾಲ ತುಂಡಾಗುವುದು ಅಪರೂಪ. ಆ ಅಪರೂಪದ ಹೆಸರಿನಲ್ಲಿ ಪ್ರತಿದಿನದ ಖಾತ್ರಿಯನ್ನೇ ಬಿಟ್ಟುಕೊಡಬೇಕಿಲ್ಲ ಎಂದು ಅವರು ವಾದಿಸುತ್ತ ಬಂದಿದ್ದಾರೆ. ಅವರ ತಂಡದ ಡೆರೆಚೊ ಎಂಬ ಈಚಿನ ತಂತ್ರಾಂಶ, ಒಂದು ಯಂತ್ರದ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನೇರವಾಗಿ ಬರೆಯುವ ವೇಗದ ಜಾಲ ಬಳಸಿ, ಒಮ್ಮತವೂ ವೇಗವೂ ಜೊತೆಗಿರಬಲ್ಲವು ಎಂದು ತೋರಿಸಿತು.

ಈ ವಾದದ ತೂಕ ವಿದ್ಯುತ್ ಜಾಲದ ವಿಷಯದಲ್ಲಿ ಚೆನ್ನಾಗಿ ತಿಳಿಯುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತರು. ಓಹಾಯೋದ ಒಂದು ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ತಂತ್ರಾಂಶ ಸದ್ದಿಲ್ಲದೆ ನಿಂತುಹೋಗಿತ್ತು. ಹೊರಗೆ ಲೈನುಗಳು ಒಂದೊಂದಾಗಿ ಬೀಳುತ್ತಿದ್ದರೂ ಒಳಗಿದ್ದವರಿಗೆ ಹೊಸ ಎಚ್ಚರಿಕೆಯೇ ಬರಲಿಲ್ಲ. ಅದು ನಿಂತಿದೆ ಎಂಬುದೂ ಅವರಿಗೆ ಬಹಳ ಹೊತ್ತು ತಿಳಿಯಲಿಲ್ಲ. ಬಿರ್ಮನ್ ಮುಂದೆ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಅಂಜನ್ ಬೋಸ್ ಮತ್ತಿತರರೊಡನೆ ಗ್ರಿಡ್‌ಕ್ಲೌಡ್ ಎಂಬ ಯೋಜನೆಯಲ್ಲಿ ತೊಡಗಿದರು. ಜಾಲದ ಉದ್ದಕ್ಕೂ ಇರುವ ಅಳತೆ ಯಂತ್ರಗಳ ಮಾಹಿತಿಯನ್ನು ಕ್ಲೌಡ್‌ನಲ್ಲಿ ಒಟ್ಟುಗೂಡಿಸಿ, ಎಲ್ಲ ನಿಯಂತ್ರಕರಿಗೂ ಒಂದೇ ಹೊತ್ತಿನ ಒಂದೇ ಚಿತ್ರ ಕೊಡುವುದು ಅದರ ಗುರಿ.

ನಮಗೂ ಇದು ದೂರದ ಕಥೆಯಲ್ಲ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತದ ವಿದ್ಯುತ್ ಜಾಲ ಕುಸಿದಾಗ ಕರ್ನಾಟಕ ಪಾರಾಗಿತ್ತು. ದಕ್ಷಿಣದ ಜಾಲ ಆಗ ಉಳಿದ ದೇಶದ ಲಯಕ್ಕೆ ಇನ್ನೂ ಬೆಸೆದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ಆ ಬೆಸುಗೆ ಆಯಿತು. ಅಂದಿನಿಂದ ನಮ್ಮ ಮನೆಯ ಬಲ್ಬು ದೂರದೂರದ ನಿಯಂತ್ರಣ ಕೊಠಡಿಗಳ ಪರದೆಗಳನ್ನೂ ನೆಚ್ಚಿಕೊಂಡಿದೆ.

ಇಷ್ಟು ಹೊತ್ತು ಕೆಟ್ಟ ಯಂತ್ರಗಳ ಮಾತಾಯಿತು. ಸುಳ್ಳು ಹೇಳುವ ಯಂತ್ರಗಳದ್ದು ಬೇರೆಯೇ ಅಧ್ಯಾಯ. ಒಂದು ಯಂತ್ರ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮತ್ತೊಂದು ಹೇಳುವಂತಿದ್ದರೆ ಮೂರು ಪ್ರತಿ ಸಾಲದು, ಕನಿಷ್ಠ ನಾಲ್ಕು ಬೇಕು ಎಂದು ಲೆಸ್ಲಿ ಲ್ಯಾಂಪೋರ್ಟ್ ಮತ್ತು ಸಂಗಡಿಗರು 1982ರಲ್ಲೇ ಬೈಜಾಂಟೈನ್ ಸೇನಾಪತಿಗಳ ಒಗಟಿನ ಮೂಲಕ ತೋರಿಸಿದ್ದಾರೆ. ನಿಮ್ಮ ಸಂಘದ ಲೆಕ್ಕಕ್ಕೆ ಸದ್ಯ ಆ ಭಯ ಬೇಕಿಲ್ಲ.

ಈಗ ನಿಮ್ಮ ಹಳೆಯ ಅಂಕಿಗೆ ಬರೋಣ. ಕ್ಲೌಡ್ ಒಳಗಿನ ಪ್ರತಿಗಳು ಹಿಂದಿಗಿಂತ ಈಗ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಅಮೆಜಾನಿನ ಎಸ್‌3 ಸಂಗ್ರಹ ಸೇವೆಯೇ 2020ರ ಡಿಸೆಂಬರ್‌ನಿಂದ, ಬರೆದ ಕೂಡಲೇ ಹೊಸದನ್ನೇ ಓದಿಸುವ ಖಾತ್ರಿ ಕೊಡುತ್ತಿದೆ. ನಿಮ್ಮ ತೊಂದರೆ ಬಹುಪಾಲು ಅದರ ಹೊರಗಿನದು. ನಿಮ್ಮ ಮೊಬೈಲಿನಲ್ಲಿ ಒಂದು ಪ್ರತಿ, ಆಫೀಸಿನ ಕಂಪ್ಯೂಟರಿನಲ್ಲಿ ಇನ್ನೊಂದು. ಇವು ನಾಲ್ಕನೆಯ, ಐದನೆಯ ಕಿರ್ದಿ ಪುಸ್ತಕಗಳು, ಮತ್ತು ಹಾಜರಿ ಪಟ್ಟಿಯ ಶಿಸ್ತು ಇವಕ್ಕಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲಿನಲ್ಲಿ ತಿದ್ದಿದರೆ ಅದು ಮೊಬೈಲಿನಲ್ಲೇ ಕೂತಿರುತ್ತದೆ. ಆಗ ನಂಬಬೇಕಾದದ್ದು ಸರ್ವರಿನಲ್ಲಿ, ಅಂದರೆ ಕ್ಲೌಡ್ ಕಂಪನಿಯ ಕಂಪ್ಯೂಟರಿನಲ್ಲಿ, ಇರುವ ಪ್ರತಿಯನ್ನು. ಬ್ರೌಸರಿನಲ್ಲಿ ಲಾಗಿನ್ ಆಗಿ ತೆರೆದರೆ ಸಾಮಾನ್ಯವಾಗಿ ಅದು ಕಾಣುತ್ತದೆ, ಹೆಚ್ಚಿನ ಸೇವೆಗಳಲ್ಲಿ ಯಾರು ಯಾವಾಗ ತಿದ್ದಿದರು ಎಂಬ ಇತಿಹಾಸವೂ ಸಿಗುತ್ತದೆ. ಸಿಂಕ್, ಅಂದರೆ ತಿದ್ದಿದ್ದು ಸರ್ವರಿಗೆ ತಲುಪುವ ಕೆಲಸ, ಮುಗಿದ ಗುರುತು ಬರುವ ತನಕ ಮೊಬೈಲಿನ ಆ್ಯಪ್ ಮುಚ್ಚಬೇಡಿ. ಒಂದೇ ಪುಟವನ್ನು ಇಬ್ಬರು ಆಫ್‌ಲೈನಿನಲ್ಲಿ ತಿದ್ದಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಹಲವು ಕಡೆ ಪ್ರತಿ ಇರುವುದೂ ಬ್ಯಾಕಪ್ ಇರುವುದೂ ಒಂದೇ ಅಲ್ಲ. ನೀವು ತಪ್ಪಿ ಒಂದು ಹಾಳೆ ಅಳಿಸಿದರೆ ಎಲ್ಲ ಪ್ರತಿಗಳಲ್ಲೂ ಅದು ನಿಷ್ಠೆಯಿಂದ ಅಳಿಯುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋದಾಗ, ಬೇರೆ ಊರಿನಲ್ಲಿ ಪ್ರತಿ ಇಡದಿದ್ದ ಗ್ರಾಹಕರಲ್ಲಿ ಹಲವರು ಮಾಹಿತಿಯನ್ನು ಶಾಶ್ವತವಾಗಿ ಕಳೆದುಕೊಂಡರು. ತಿಂಗಳಿಗೊಮ್ಮೆ ಲೆಕ್ಕವನ್ನು ಡೌನ್‌ಲೋಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ತಾರೀಖು ಬರೆದು ಸಂಘದ ಬೀರುವಿನಲ್ಲಿ ಇಡಿ.